ಗೋಡೆ ಒಡೆಸುವ ಮುನ್ನ

ಹಿರೇಕೆರೂರು ಕಡೆಯ ಹಳೆಯ ಮನೆಗಳ ಮಣ್ಣಿನ ಗೋಡೆ ಬಲು ದಪ್ಪ. ಪಡಸಾಲೆಯಲ್ಲಿಟ್ಟ ವೈಫೈ ಹಿತ್ತಿಲ ಕೋಣೆ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಅಲ್ಲಿ ಮಕ್ಕಳ ಓದೋ ಆಫೀಸಿನ ಕೆಲಸವೋ ನಡೆಯಬೇಕಿದ್ದರೆ ಕೇಬಲ್ ಎಳೆಸುವುದೇ ಮೇಲು.

ಅದಕ್ಕಾಗಿ ಗೋಡೆ ಕೊರೆಸಬೇಡಿ. ಜಂತಿಯ ಗುಂಟ ಪಿವಿಸಿ ಪಟ್ಟಿಯೊಳಗೆ ಸಾಗಿಸಿದರೆ ಸಾಕು. ಕ್ಯಾಟ್-6 ಕೇಬಲ್ ಕೊಳ್ಳುವಾಗ ಅಪ್ಪಟ ತಾಮ್ರದ್ದನ್ನೇ ಕೇಳಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅಗ್ಗ, ಆದರೆ ಬೇಗ ಮುರಿಯುತ್ತದೆ. ಕರೆಂಟ್ ವೈರಿನ ಪೈಪಿನಲ್ಲಿ ಕ್ಯಾಟ್-6 ಕೇಬಲ್ ತೂರಿಸಲೇಬೇಡಿ. ಒಂದು ಎಳೆತ 100 ಮೀಟರ್ ದಾಟದಿರಲಿ. ಹೊರಗೋಡೆಗೆ ತೂತು ಹಾಕಿದರೆ ಅದು ಹೊರಗಡೆಗೆ ಇಳಿಜಾರಾಗಿರಲಿ; ಮಳೆನೀರು ಒಳಗೆ ಹರಿಯುವುದಿಲ್ಲ.

ಕೊನೆಯ ಮಾತು: ಒಂದು ಕೇಬಲ್ ಬೇಕಾದಲ್ಲಿ ಎರಡು ಎಳೆಸಿಡಿ. ಕೇಬಲ್ಲಿಗಿಂತ ಕೂಲಿಯೇ ದುಬಾರಿ.