ನೋವು ಬಂದರಷ್ಟೇ ಕಸರತ್ತೇ?

ಪ್ರಶ್ನೆ: ನನಗೆ 23 ವರ್ಷ. ಹೊಸದಾಗಿ ಜಿಮ್ ಸೇರಿದ್ದೇನೆ. ವಾರಕ್ಕೆ ಆರು ದಿನ, ದಿನಕ್ಕೊಂದು ಅಂಗದ ವ್ಯಾಯಾಮ. ಮರುದಿನ ಮೈಕೈ ನೋಯದಿದ್ದರೆ ಮಾಡಿದ್ದೆಲ್ಲ ದಂಡ ಎನ್ನುತ್ತಾರೆ ಗೆಳೆಯರು. ನಿಜವೇ? (ಹೊಸಪೇಟೆ)

ಉತ್ತರ: ಅಲ್ಲ. ಸ್ನಾಯುವಿಗೆ ಆ ಕೆಲಸ ಹೊಸದು ಎಂದಷ್ಟೇ ನೋವು ಹೇಳುತ್ತದೆ. ಒಂದೆರಡು ದಿನ ಏರಿ ತಾನೇ ಇಳಿಯುತ್ತದೆ. ಬಲ ಹೆಚ್ಚಿತೇ ಎಂದು ತಿಳಿಯಲು ಲೆಕ್ಕ ಬರೆದಿಡಿ. ಹೋದ ವಾರ 20 ಕೆ.ಜಿ.ಯನ್ನು 8 ಸಲ ಎತ್ತಿದವರು ಈ ವಾರ 10 ಸಲ ಎತ್ತಿದರೆ ಅದೇ ಪ್ರಗತಿ.

ಹೊಸಬರಿಗೆ ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು. ಪ್ರತಿ ಸಲವೂ ಇಡೀ ಮೈಗೆ ಕೆಲಸ ಕೊಡಿ: ಬಸ್ಕಿ, ನೆಲದಿಂದ ಭಾರ ಎತ್ತುವುದು, ತಳ್ಳುವುದು, ಎಳೆಯುವುದು. ಒಂದೊಂದಕ್ಕೆ 2–3 ಸೆಟ್, ಸೆಟ್‌ಗೆ 8ರಿಂದ 12 ಸಲ. ಇನ್ನೆರಡು ಸಲ ಎತ್ತಬಲ್ಲೆ ಅನ್ನಿಸುವಾಗಲೇ ನಿಲ್ಲಿಸಿ. ಎಲ್ಲ ಸೆಟ್‌ಗಳಲ್ಲೂ 12 ಸಲೀಸಾದ ಮೇಲೆ ಎರಡೂವರೆ ಕೆ.ಜಿ. ಏರಿಸಿ. ವಿಪರೀತ ನೋವಿನ ಜತೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರ ತಕ್ಷಣ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿರಬಹುದು.

ಪ್ರಶ್ನೆ: ನಾನು ಗೈಡ್. ವಯಸ್ಸು 46, ಬಿಪಿ ಮಾತ್ರೆ ನುಂಗುತ್ತೇನೆ. ಕೃಷ್ಣದೇವರಾಯ ನಸುಕಿನಲ್ಲಿ ಎಳ್ಳೆಣ್ಣೆ ಕುಡಿದು ಸಾಮು ಮಾಡುತ್ತಿದ್ದ ಎಂದು ಪ್ರವಾಸಿಗರಿಗೆ ಹೇಳುತ್ತಿರುತ್ತೇನೆ. ನಾನೂ ಕುಡಿಯಬಹುದೇ? ಬಿಪಿ ಇದ್ದವರು ಭಾರ ಎತ್ತಬಾರದೇ? (ಹಂಪಿ)

ಉತ್ತರ: 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಹಾಗೆ ಬರೆದಿರುವುದು ನಿಜ. ಎಣ್ಣೆ ಕುಡಿದ ಅರಸ ಮೈಗೂ ಎಣ್ಣೆ ಹಚ್ಚಿಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನೆತ್ತಿ, ಬೆವರಿಳಿಯುವ ತನಕ ಕತ್ತಿವರಸೆ ಮಾಡಿ, ಜಟ್ಟಿಯೊಡನೆ ಕುಸ್ತಿ ಹಿಡಿದು ಕುದುರೆ ಏರುತ್ತಿದ್ದನಂತೆ. ಬಲ ಕೊಟ್ಟದ್ದು ಆ ಸಾಮು, ಎಣ್ಣೆಯಲ್ಲ. ಕಾಲು ಲೀಟರ್ ಎಣ್ಣೆಯಲ್ಲಿ ಸುಮಾರು 2,000 ಕ್ಯಾಲೊರಿ ಇದ್ದರೂ ಪ್ರೋಟೀನ್ ಸೊನ್ನೆ. ಅದು ಒಗ್ಗರಣೆಗಿರಲಿ. ಸ್ನಾಯುವಿಗೆ ಬೇಳೆ, ಹುರುಳಿ, ಶೇಂಗಾ, ಮೊಸರು, ಮೊಟ್ಟೆ ಬೇಕು.

ಬಿಪಿ ಹತೋಟಿಯಲ್ಲಿದ್ದರೆ ವೈದ್ಯರಿಗೆ ಒಂದು ಮಾತು ಹೇಳಿ ಭಾರ ಎತ್ತಬಹುದು. ತಪ್ಪದೆ ಮಾಡಿದರೆ ಬಿಪಿ ತುಸು ಇಳಿಯುತ್ತದೆ ಕೂಡ. ಆದರೆ ಉಸಿರು ಕಟ್ಟಬೇಡಿ. ಎತ್ತುವಾಗ ಬಿಡಿ, ಇಳಿಸುವಾಗ ಎಳೆದುಕೊಳ್ಳಿ. 180/110ರ ಆಸುಪಾಸು ಇದ್ದರೆ ಮೊದಲು ಚಿಕಿತ್ಸೆ, ಆಮೇಲೆ ಡಂಬೆಲ್.

ಪ್ರಶ್ನೆ: ನನಗೆ 52. ಕಾಲುವೆಗೆ ನೀರು ಬಿಟ್ಟರೆಂದರೆ ದಿನವಿಡೀ ಭತ್ತದ ನಾಟಿ. ಮಂಡಿನೋವಿಗೆ ವ್ಯಾಯಾಮ ಮಾಡಿ ಅನ್ನುತ್ತಾರೆ. ದುಡಿಯುವವರಿಗೆ ಬೇರೆ ಕಸರತ್ತು ಯಾಕೆ? ಮಂಡಿ ಇನ್ನೂ ಸವೆಯುವುದಿಲ್ಲವೇ? (ಕಂಪ್ಲಿ)

ಉತ್ತರ: ನಾಟಿಯಲ್ಲಿ ಗಂಟೆಗಟ್ಟಲೆ ಸೊಂಟ ಬಗ್ಗಿರುತ್ತದೆ. ಮೈ ದಣಿಯುತ್ತದೆ, ತೊಡೆ ಬಲಿಯುವುದಿಲ್ಲ. ಹೊರೆ ಏರಿಸುವುದೂ ಬಿಡುವು ತೆಗೆದುಕೊಳ್ಳುವುದೂ ಅಲ್ಲಿ ನಿಮ್ಮ ಕೈಯಲ್ಲಿಲ್ಲ. ಮಂಡಿಸವೆತದ ನೋವು ತಗ್ಗಲು ತೊಡೆಯ ಬಲವೇ ಮದ್ದು. ಗೋಡೆಗೊತ್ತಿದ ಕುರ್ಚಿಯಿಂದ ಕೈ ಊರದೆ ಏಳಿ, ಮೂರು ಎಣಿಸುತ್ತ ಕೂರಿ. 8 ಸಲದಂತೆ ಎರಡು ಸುತ್ತು, ದಿನ ಬಿಟ್ಟು ದಿನ. ನಾಟಿಯ ಹಂಗಾಮಿನಲ್ಲಿ ವಾರಕ್ಕೆರಡು ದಿನ ಸಾಕು. ಕಷ್ಟವಾದರೆ ಕುರ್ಚಿಯ ಮೇಲೆ ದಿಂಬಿಟ್ಟುಕೊಳ್ಳಿ. 12 ಸಲೀಸಾದ ಮೇಲೆ ಎರಡು ಕೆ.ಜಿ. ಅಕ್ಕಿಯ ಚೀಲವನ್ನು ಎದೆಗವಚಿಕೊಂಡು ಮಾಡಿ. ಮಂಡಿ ಊದಿದರೆ, ಬಿಸಿಯಾದರೆ ನಿಲ್ಲಿಸಿ ತೋರಿಸಿ.

ಪ್ರಶ್ನೆ: 14 ವರ್ಷದ ಮಗ ಗರಡಿ ಮನೆಗೆ ಹೋಗುತ್ತಾನೆ. ಭಾರ ಎತ್ತಿದರೆ ಕುಳ್ಳನಾಗಿಯೇ ಉಳಿಯುತ್ತಾನೆಯೇ? (ಸಂಡೂರು)

ಉತ್ತರ: ಇಲ್ಲ. 5ರಿಂದ 17 ವರ್ಷದವರು ವಾರಕ್ಕೆ ಮೂರು ದಿನವಾದರೂ ಸ್ನಾಯು, ಮೂಳೆ ಬಲಿಯುವ ಚಟುವಟಿಕೆ ಮಾಡಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಉಸ್ತಾದರ ಕಣ್ಣೆದುರು ದಂಡ, ಬಸ್ಕಿ, ಹಗುರ ಗದೆಯಿಂದ ಶುರುವಾಗಲಿ. ಪಂದ್ಯ ಕಟ್ಟಿ ಗುಂಡುಕಲ್ಲು ಎತ್ತುವುದು ಬೇಡ. ಬೇಗ ಮೈ ಬರಿಸುತ್ತೇವೆಂದು ಯಾರಾದರೂ ಇಂಜೆಕ್ಷನ್ ಕೊಡಲು ಬಂದರೆ ಹತ್ತಿರ ಸೇರಿಸಬೇಡಿ: ಎಲುಬಿನ ಬೆಳೆಯುವ ತುದಿಗಳನ್ನು ಬೇಗನೆ ಮುಚ್ಚಿ ಎತ್ತರ ನಿಲ್ಲಿಸುವುದು ಸ್ಟೀರಾಯ್ಡ್.