ಬೇಟೆಗಾರನ ಪಾದರಕ್ಷೆ
ಅಮೆರಿಕದ ಮೇಯ್ನ್ ಸಂಸ್ಥಾನದ ಕಾಡುಗಳಲ್ಲಿ, ನವೆಂಬರಿನ ಹಸಿಹಿಮವನ್ನೂ ಜೌಗುನೆಲವನ್ನೂ ತುಳಿಯುತ್ತ ಜಿಂಕೆಯ ಬೇಟೆಗೆ ಹೊರಡುವವರು, ಬಂದೂಕಿನ ಆಯ್ಕೆಯಲ್ಲಿ ತೋರುವ ಶ್ರದ್ಧೆಯ ಅರ್ಧವನ್ನಾದರೂ ಬೂಟಿನ ವಿಷಯದಲ್ಲಿ ತೋರುವುದು ಉಚಿತ. ಅಲ್ಲಿಯವನೇ ಆದ ಎಲ್. ಎಲ್. ಬೀನ್ ಎಂಬಾತನು 1912ರಲ್ಲಿ ರಬ್ಬರಿನ ಅಡಿಭಾಗಕ್ಕೆ ಚರ್ಮದ ಮೇಲ್ಭಾಗವನ್ನು ಹೊಲಿದು ಮಾರಿದ ಮೊದಲ 100 ಜೊತೆಗಳಲ್ಲಿ 90 ಜೊತೆಗಳು ಹೊಲಿಗೆ ಬಿಟ್ಟು ಮರಳಿ ಬಂದುವಾದ್ದರಿಂದ, ಕೊಳ್ಳುವವರು ಮೊದಲು ಆ ಸಂಧಿಯನ್ನೇ ಪರೀಕ್ಷಿಸತಕ್ಕದ್ದು. ದಪ್ಪ ಉಣ್ಣೆಯ ಕಾಲುಚೀಲವನ್ನು ಧರಿಸಿಯೇ ಬೂಟನ್ನು ತೊಟ್ಟು ನೋಡಿರಿ. ಒಳಗೆ ಬೆರಳುಗಳು ಸರಾಗವಾಗಿ ಆಡದಿದ್ದರೆ, ರಕ್ತಸಂಚಾರವು ಕುಂಠಿತವಾಗಿ, ಎಷ್ಟೇ ಬೆಲೆಯುಳ್ಳ ಬೂಟೂ ಪಾದವನ್ನು ಬೆಚ್ಚಗಿಡಲಾರದು. ಅಲೆದು ಬೇಟೆಯಾಡುವವನಿಗೆ ತೆಳ್ಳನೆಯ ಅಸ್ತರು ಸಾಕು (ದಪ್ಪನೆಯದು ಬೆವರಿಸಿ, ಆ ಬೆವರೇ ಆಮೇಲೆ ಕೊರೆಯುವುದು). ಕದಲದೆ ಕುಳಿತು ಕಾಯುವವನಿಗಾದರೋ ದಪ್ಪನೆಯದೇ ಬೇಕು. ಒದ್ದೆಯಾದ ಬೂಟನ್ನು ಬೆಂಕಿಯ ಬಳಿ ಇಡಬೇಡಿರಿ, ಚರ್ಮ ಬಿರಿಯುತ್ತದೆ.