ಡ್ರೈವರ್ ಬರೆಯುವವರೇ, ಕೀಲಿ ನಿಜಕ್ಕೂ ಅಳಿಸಿಹೋಯಿತೇ?

ಹೆಜಮಾಡಿ ಟೋಲ್‌ಗೇಟಿನಲ್ಲಿ ಗಾಡಿಯ ಗಾಜಿಗೆ ಅಂಟಿಸಿದ ಫಾಸ್ಟ್ಯಾಗನ್ನು ರೀಡರ್ ದೂರದಿಂದಲೇ ಓದುತ್ತದೆ. ಆ ದಾರಿಯಲ್ಲಿ ಓಡಾಡುವ ಮಣಿಪಾಲ, ಬಂಟಕಲ್ಲು, ನಿಟ್ಟೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೂ ಒಂದು ಆರ್‌ಎಫ್‌ಐಡಿ ಪ್ರಾಜೆಕ್ಟಿಗೆ ಕೈಹಾಕುವುದು ಸಹಜ. ಕಾರ್ಡ್ ರೀಡರಿಗೆ ಲಿನಕ್ಸ್ ಡ್ರೈವರ್ ಬರೆಯುವಾಗ ಕಾರ್ಡಿನ ರಹಸ್ಯ ಕೀಲಿ ಕರ್ನಲ್ ಮೆಮೊರಿಗೆ ಬಂದರೆ, ಕೆಲಸ ಮುಗಿದ ಮೇಲೆ ಅದನ್ನು ಅಳಿಸುವ ಹೊಣೆ ಡ್ರೈವರಿನದೇ.

ಕೆಫ್ರೀ ಕರೆದರೆ ಸಾಲದು. ಜಾಗ ಮರಳಿ ಹೋಗುತ್ತದೆ, ಅದರಲ್ಲಿದ್ದ ಬೈಟ್‌ಗಳು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತವೆ. ವಿದ್ಯುತ್ ತೆಗೆದ ಮೇಲೂ ರ‍್ಯಾಮ್‌ನಲ್ಲಿ ಮಾಹಿತಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಅದರಿಂದ ಡಿಸ್ಕಿನ ಕೀಲಿಯನ್ನೇ ತೆಗೆಯಬಹುದು ಎಂದು ಪ್ರಿನ್ಸ್‌ಟನ್ ಸಂಶೋಧಕರು 2008ರಲ್ಲಿ ತೋರಿಸಿದರು.

ಮೊದಲು ಕೀಲಿ ಎಲ್ಲೆಲ್ಲಿ ಇದೆ ಎಂದು ಗುರುತು ಮಾಡಿಕೊಳ್ಳಿ. ಎಸ್‌ಪಿಐ ಮೂಲಕ ಕಳಿಸುವ ಬಫರ್ ಸ್ಟ್ಯಾಕ್ ಮೇಲೆ ಇರಕೂಡದು, ಕೆಮ್ಯಾಲಾಕ್‌ನಿಂದ ಪಡೆದಿರಬೇಕು. ಹಾಗಾಗಿ ಸ್ಟ್ಯಾಕ್ ಮೇಲಿದ್ದ ಕೀಲಿಯನ್ನು ಅದಕ್ಕೆ ನಕಲಿಸಿದ್ದರೆ ಸ್ಟ್ಯಾಕ್‌ನಲ್ಲೊಂದು, ಬಫರಿನಲ್ಲೊಂದು ಎಂದು ಎರಡು ಪ್ರತಿ ಆಗಿರುತ್ತವೆ. ಕೆರೀಅಲಾಕ್ ಬಳಸಿದ್ದರೆ ಹಳೆಯ ಜಾಗದಲ್ಲಿ ಮೂರನೆಯದೂ ಉಳಿದಿರಬಹುದು.

ಮುಂದಿನ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಫಂಕ್ಷನ್ನಿನ ಕೊನೆಗೆ ಮೆಮ್‌ಸೆಟ್ ಹಾಕಿ ಸೊನ್ನೆ ತುಂಬಿದೆವು ಎಂದುಕೊಳ್ಳುತ್ತಾರೆ. ಕಂಪೈಲರ್ ನೋಡುವುದೇ ಬೇರೆ: ಈ ವೇರಿಯಬಲ್ಲನ್ನು ಮುಂದೆ ಯಾರೂ ಓದುವುದಿಲ್ಲ, ಆದ್ದರಿಂದ ಈ ಬರವಣಿಗೆ ವ್ಯರ್ಥ. ಓ2 ಮಟ್ಟದಲ್ಲಿ ಆ ಸಾಲನ್ನೇ ತೆಗೆದುಹಾಕುತ್ತದೆ. ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ, ಪ್ರೋಗ್ರಾಂ ಸರಿಯಾಗಿಯೇ ಓಡುತ್ತದೆ. ಸಿ ಭಾಷೆಯ ನಿಯಮದ ಪ್ರಕಾರ ಕಂಪೈಲರಿನದು ತಪ್ಪೂ ಅಲ್ಲ. ಇದಕ್ಕೆಂದೇ ಲಿನಕ್ಸ್‌ನಲ್ಲಿ 2014ರಿಂದ ಮೆಮ್‌ಜೀರೋ_ಎಕ್ಸ್‌ಪ್ಲಿಸಿಟ್ ಇದೆ. ಸ್ಟ್ಯಾಕ್ ಮೇಲಿನ ಕೀಲಿಗೆ ಅದನ್ನೇ ಬಳಸಿ. ಕೆಮ್ಯಾಲಾಕ್‌ನಿಂದ ಪಡೆದದ್ದಕ್ಕೆ ಕೆಫ್ರೀ_ಸೆನ್ಸಿಟಿವ್ ಸರಿ; ನೀವು ಕೇಳಿದಷ್ಟನ್ನೇ ಅಲ್ಲ, ಸಿಕ್ಕಿದ ಇಡೀ ತುಂಡನ್ನು ಅದು ಸೊನ್ನೆ ಮಾಡಿ ಬಿಡುತ್ತದೆ. 2020ಕ್ಕಿಂತ ಹಿಂದಿನ ಕರ್ನಲ್‌ನಲ್ಲಿ ಅದರ ಹೆಸರು ಕೆಜೆಡ್‌ಫ್ರೀ. ವಿಂಡೋಸ್ ಡ್ರೈವರ್ ಬರೆಯುವವರು ಆರ್‌ಟಿಎಲ್‌ಜೀರೋಮೆಮೊರಿ ಬಿಟ್ಟು ಆರ್‌ಟಿಎಲ್‌ಸೆಕ್ಯೂರ್‌ಜೀರೋಮೆಮೊರಿ ಹಿಡಿಯಬೇಕು.

ಅಳತೆಯನ್ನೂ ನೋಡಿ. ಕೀಲಿ ಪಾಯಿಂಟರ್ ಆಗಿದ್ದಾಗ ಸೈಜ್‌ಆಫ್ ಕೇಳಿದರೆ 64 ಬಿಟ್ ಯಂತ್ರದಲ್ಲಿ ಸಿಗುವುದು 8. ಎಇಎಸ್-128 ಕೀಲಿ 16 ಬೈಟ್. ಅರ್ಧ ಕೀಲಿ ಹಾಗೇ ಉಳಿಯಿತು!

ದೋಷ ಬಂದಾಗ ನಡುವೆಯೇ ರಿಟರ್ನ್ ಮಾಡಬೇಡಿ. ಎಲ್ಲ ದಾರಿಗಳೂ ಗೋಟು ಮೂಲಕ ಒಂದೇ ಕಡೆ ಸೇರಲಿ, ಅಳಿಸುವ ಸಾಲು ಅಲ್ಲಿರಲಿ. ಗೋಟು ಬಳಸಬಾರದೆಂದು ಪಾಠದಲ್ಲಿ ಕೇಳಿರುತ್ತೀರಿ, ಕರ್ನಲ್‌ನಲ್ಲಿ ಅದೇ ರೂಢಿಯ ಕ್ರಮ. ಡ್ರೈವರ್ ತೆಗೆಯುವಾಗ ಮಾತ್ರ ಅನುಕ್ರಮ ತಪ್ಪಬಾರದು: ಮೊದಲು ಸಾಧನದ ಡಿಎಂಎ ಮತ್ತು ಇಂಟರಪ್ಟ್ ನಿಲ್ಲಿಸಿ, ಬಾಕಿ ಇರುವ ಕೆಲಸಗಳನ್ನು ಕ್ಯಾನ್ಸಲ್_ವರ್ಕ್_ಸಿಂಕ್‌ನಿಂದ ರದ್ದು ಮಾಡಿ, ಆಮೇಲೆ ಅಳಿಸಿ. ಇಲ್ಲದಿದ್ದರೆ ಸೊನ್ನೆಯ ಮೇಲೆ ಸಾಧನ ಮತ್ತೆ ಬರೆದೀತು. ಐಒರೀಮ್ಯಾಪ್‌ನಿಂದ ಬಂದ ಜಾಗಕ್ಕೆ ಮೆಮ್‌ಸೆಟ್_ಐಒ ಬೇಕು.

ಬಳಕೆದಾರರ ಪ್ರೋಗ್ರಾಮಿಗೆ ಕಳಿಸುವ ಸ್ಟ್ರಕ್ಟಿನದು ಬೇರೆಯೇ ಸಮಸ್ಯೆ. ಒಂದು ಬೈಟಿನ ಸದಸ್ಯದ ನಂತರ ನಾಲ್ಕು ಬೈಟಿನದು ಬಂದರೆ ನಡುವೆ ಮೂರು ಬೈಟ್ ಖಾಲಿ ಬೀಳುತ್ತದೆ. ಅಲ್ಲಿರುವುದು ಕರ್ನಲ್‌ನ ಹಳೆಯ ಮಾಹಿತಿ, ಕಾಪಿ_ಟು_ಯೂಸರ್ ಅದನ್ನೂ ಹೊರಗೆ ಕೊಟ್ಟುಬಿಡುತ್ತದೆ. ಸದಸ್ಯಗಳನ್ನು ತುಂಬುವ ಮೊದಲೇ ಇಡೀ ಸ್ಟ್ರಕ್ಟಿಗೆ ಮೆಮ್‌ಸೆಟ್ ಮಾಡಿ. ಇಲ್ಲಿ ಸಾದಾ ಮೆಮ್‌ಸೆಟ್ ಸಾಕು, ಮುಂದೆ ಅದನ್ನು ಓದುವವರು ಇದ್ದಾರೆ.

ಕೊನೆಗೆ ಕಣ್ಣಾರೆ ನೋಡಿ. ಆಬ್ಜ್‌ಡಂಪ್‌ನಿಂದ ಮಾಡ್ಯೂಲನ್ನು ಬಿಡಿಸಿದಾಗ ಫಂಕ್ಷನ್ನಿನ ತುದಿಯಲ್ಲಿ ಮೆಮ್‌ಸೆಟ್ ಕರೆಯೋ ಸೊನ್ನೆ ಬರೆಯುವ ಆದೇಶವೋ ಕಾಣಬೇಕು. ಮೆಮ್‌ಜೀರೋ_ಎಕ್ಸ್‌ಪ್ಲಿಸಿಟ್ ಎಂಬ ಹೆಸರನ್ನೇ ಹುಡುಕಬೇಡಿ, ಈಗಿನ ಕರ್ನಲ್‌ಗಳಲ್ಲಿ ಅದು ಇನ್‌ಲೈನ್ ಆಗಿರುತ್ತದೆ. ಸ್ಟ್ರಕ್ಟಿನ ಖಾಲಿ ಬೈಟ್‌ಗಳ ಸೋರಿಕೆ ಹಿಡಿಯಲು ಕೆಎಂಸ್ಯಾನ್ ಇದೆ; 6.1ರ ನಂತರದ ಕರ್ನಲ್ ಅನ್ನು ಕ್ಲ್ಯಾಂಗ್‌ನಲ್ಲಿ ಕಟ್ಟಿ, ವರ್ಚುವಲ್ ಮಷೀನಿನಲ್ಲಿ ಓಡಿಸಿ ನೋಡಿ.